ಸೂಲಗಿತ್ತಿ ದಾಟಿದ ಕೋಲಾಟ

ಶಿಷ್ಯ ಕೇಳಿದ: "ಗುರುಗಳೇ, ಅನಿಲವನ್ನು ಇನ್ನಿಲ್ಲದಷ್ಟು ತಣ್ಣಗೆ ಮಾಡಿದೆವು. ಅದರಲ್ಲಿ ಎರಡು ಬಗೆಯ ಪರಮಾಣು. ಒಂದು ಬಗೆ ಹೆಚ್ಚು, ಇನ್ನೊಂದು ಕಡಿಮೆ. ಜೋಡಿ ಸಿಕ್ಕವು ನಡುವೆ ಸೇರಿದವು, ಸಿಗದವು ಅಂಚಿಗೆ ಹೋದವು. ನಡುವೆ ಕಿಕ್ಕಿರಿದಿದೆ, ಆದರೆ ಹರಿವಿಗೆ ತಡೆಯೇ ಇಲ್ಲ. ಅಂಚು ತೆಳು, ಆದರೆ ಕಡಿಮೆ ಇರುವ ಬಗೆಯ ಒಂದು ಪರಮಾಣು ಅಲ್ಲಿ ಸಿಕ್ಕಿಕೊಂಡರೆ ತನ್ನ ತೂಕಕ್ಕಿಂತ ಭಾರವಾಗಿ ನಡೆಯುತ್ತದೆ. ಇದು ಉಲ್ಟಾ ಅಲ್ಲವೇ?"

"ಉಲ್ಟಾ ಇರುವುದು ನಿನ್ನ ತಲೆ. ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡು ಓಣಿ. ಅಲ್ಲಿಯ ಕೋಲಾಟಕ್ಕೆ ಒಂದು ಕಟ್ಟಳೆ: ತನ್ನ ಓಣಿಯವನ ಕೋಲಿಗೆ ಕೋಲು ತಾಗಿಸಬಾರದು, ಎದುರು ಓಣಿಯವನೇ ಜೋಡಿಯಾಗಬೇಕು. ಮೇಲಿನ ಓಣಿಯಲ್ಲಿ ಜನ ಹೆಚ್ಚು. ಹಾಗಾಗಿ ಬಯಲಿನ ನಡುವೆ ಜೋಡಿಗಳು ಆಡುತ್ತಿದ್ದರೆ, ಜೋಡಿ ಸಿಗದ ಮೇಲಿನ ಓಣಿಯವರು ಕೋಲು ಹಿಡಿದು ಸುತ್ತಲೂ ನಿಂತಿರುತ್ತಿದ್ದರು.

ಒಂದು ಸಂಜೆ ಆಟ ರಂಗೇರಿದಾಗ ಮೇಲಿನ ಓಣಿಯ ಸೊಸೆಯೊಬ್ಬಳಿಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಇದ್ದದ್ದು ಕೆಳಗಿನ ಓಣಿಯಲ್ಲಿ. ಕರೆ ಬಂದ ಕೂಡಲೇ ಹೊರಟಳು. ಬಯಲು ದಾಟಬೇಕು. ನಡುವೆ ಕೋಲುಗಳು ಹಾರಾಡುತ್ತಿವೆ; ಅಂಚೇ ವಾಸಿ ಎಂದುಕೊಂಡಳು. ನೀನಾಗಿದ್ದರೂ ಅದೇ ತಪ್ಪು ಮಾಡುತ್ತಿದ್ದೆ.

ಅಂಚಿನವರಿಗೆ ಕೆಳಗಿನ ಓಣಿಯ ಮುಖ ಕಂಡದ್ದೇ ಸಾಕಾಯಿತು. ಎಲ್ಲರೂ ಅವಳತ್ತ ತಿರುಗಿದರು.

"ಯವ್ವಾ, ನಿಮ್ಮ ಓಣ್ಯಾಗ ಇನ್ನ ಯಾರರ ಅದಾರೇನು? ನನಗೊಬ್ಬ ಜೋಡಿ ಕಳಸ್ ಬೇ."

"ದಾರಿ ಬಿಡ್ರೋ ಯಪ್ಪಗಳಾ, ಅಲ್ಲಿ ಹುಡುಗಿ ಬ್ಯಾನಿ ತಿನ್ನಾಕತ್ತಾಳ!"

ಬಿಟ್ಟರೆ ತಾನೇ? ಅಯ್ಯೋ ಹೌದಾ ಎಂದು ಇನ್ನಷ್ಟು ಮಂದಿ ಸೇರಿದರು. ಯಾರ ಮನೆ ಎಂದು ಒಬ್ಬ ಕೇಳಿದ, ಒಬ್ಬ ಚೀಲ ಹಿಡಿಯಲು ಬಂದ, ದಾರಿ ಬಿಡಿಸುತ್ತೇನೆ ಎಂದು ಮತ್ತೊಬ್ಬ ಅಡ್ಡವೇ ನಿಂತ. ಒಬ್ಬರಿಗೂ ಕೆಟ್ಟ ಮನಸ್ಸಿಲ್ಲ, ಪಾಪ. ಅವಳು ಒಂದು ಹೆಜ್ಜೆ ಇಡಬೇಕಾದರೆ ಆ ಗುಂಪೆಲ್ಲ ಒಂದು ಹೆಜ್ಜೆ ಸರಿಯಬೇಕು.

ಅವಳಿಗೆ ಅಳುವೇ ಬಂತು. ಸೆರಗು ಬಿಗಿದು ಆಟದ ನಡುವೆ ಹೊಕ್ಕಳು. ಓಡಲಿಲ್ಲ, ಓಡಿದ್ದರೆ ಒಂದು ಜೋಡಿಯಾದರೂ ಮುರಿದು ಅಲ್ಲೂ ಸಿಕ್ಕಿಬೀಳುತ್ತಿದ್ದಳು. ತಲೆ ತಗ್ಗಿಸಿ ಮೆಲ್ಲಗೆ ನಡೆದಳು. ಪ್ರತಿಯೊಬ್ಬನ ಕಣ್ಣೂ ತನ್ನ ಜೋಡಿಯ ಕೋಲಿನ ಮೇಲೆ. ಯಾರೂ ತಿರುಗಲಿಲ್ಲ, ಯಾರೂ ಕೇಳಲಿಲ್ಲ, ತಾಳ ತಪ್ಪಲಿಲ್ಲ. ಅಂಚಿನವರೆಲ್ಲ ಈ ಬದಿಗೇ ನೆರೆದಿದ್ದರಿಂದ ಆಚೆ ಬದಿ ಖಾಲಿಯಿತ್ತು. ಅವಳು ಸಲೀಸಾಗಿ ದಾಟಿಹೋದಳು.

ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಿದಳು. ಮಗು ಅತ್ತಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಅಳುತ್ತಿದ್ದದ್ದು ಮನೆಯವರು.

ಶಿಷ್ಯನ ಮುಖ ಅರಳಿತು. "ಹಾಗಾದರೆ ಜೋಡಿ ಸಿಕ್ಕವರೇ ಮೇಲು, ಗುರುಗಳೇ. ಅಂಚಿನವರ ಹಾಗೆ ಕಾಟ ಕೊಡದೆ ದಾರಿ ಬಿಟ್ಟರು."

ಗುರುಗಳು ಹೇಳಿದರು: "ಅವಳು ತಲೆ ತಗ್ಗಿಸಿ ದಾಟಿದ ಕೋಲುಗಳಲ್ಲಿ ಒಂದು ಆ ಮಗುವಿನ ಅಪ್ಪನದು."