ಕೇಳಬಾರದ ಮೂರನೆಯ ಪ್ರಶ್ನೆ

ಘಟಪ್ರಭಾ ದಂಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ಅಡಿವೆಪ್ಪ ಎಂಬ ಕನ್ನಡ ಮಾಸ್ತರರಿದ್ದರು. ಒಂಬತ್ತನೆಯ ತರಗತಿಯ ಮಕ್ಕಳು ಪಾಠವನ್ನು ಪಟಪಟನೆ ಓದುತ್ತಿದ್ದರು. ಅರ್ಥ ಕೇಳಿದರೆ ಗೋಡೆ ನೋಡುತ್ತಿದ್ದರು. ಮಾಸ್ತರರಿಗೆ ಇದೇ ಕೊರಗು. ಅದಕ್ಕೆಂದೇ ಶನಿವಾರಕ್ಕೊಂದು ಓದಿನ ತರಗತಿ ಶುರು ಮಾಡಿದರು.

"ಅಚ್ಚಾದದ್ದೆಲ್ಲ ಸತ್ಯವಲ್ಲ. ಏನೇ ಓದಿದರೂ ಮೂರು ಪ್ರಶ್ನೆ ಕೇಳ್ರಿ. ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು? ಏನನ್ನು ಹೇಳದೆ ಬಿಟ್ಟಿದ್ದಾರೆ?"

ಮಕ್ಕಳಿಗೆ ಇದು ಆಟದಂತೆ ರುಚಿಸಿತು. ಸೋಪಿನ ಜಾಹೀರಾತು, ಚುನಾವಣೆಯ ಕರಪತ್ರ, ವಾರಭವಿಷ್ಯ, ಯಾವುದನ್ನೂ ಅವರು ಬಿಡಲಿಲ್ಲ. ಎಲ್ಲರಿಗಿಂತ ಮುಂದೆ ಕಸ್ತೂರಿ, ನೇಕಾರರ ಮನೆಯ ಹುಡುಗಿ. ಅವಳು ಕೈ ಎತ್ತಿದರೆ ಮಾಸ್ತರರ ಮುಖ ಅರಳುತ್ತಿತ್ತು.

ಹೀಗಿರಲು ಜಿಲ್ಲೆಯ ಪತ್ರಿಕೆಯೊಂದರಲ್ಲಿ ಅಡಿವೆಪ್ಪನವರ ಲೇಖನ ಬಂತು. ಇಂದಿನ ಮಕ್ಕಳಿಗೆ ಓದು ಬೇಡವಾಗಿದೆ ಎಂದು ಮರುಗಿ ಬರೆದಿದ್ದರು. ತರಗತಿಯಲ್ಲಿ ಅದನ್ನೇ ಓದಿಸಿದರು. ಮುಖ್ಯೋಪಾಧ್ಯಾಯರೂ ಬಂದು ಕುಳಿತಿದ್ದರು.

"ಏನಾದರೂ ಕೇಳೋದಿದೆಯೇನು?" ಎಂದರು ಮಾಸ್ತರರು.

ಕಸ್ತೂರಿ ಎದ್ದಳು. "ಸರ್, ನಮ್ಮ ಗ್ರಂಥಾಲಯಕ್ಕ ಎರಡು ವರ್ಷದಿಂದ ಬೀಗ ಐತಿ. ಪುಸ್ತಕ ಹರೀತಾರಂತ ನೀವೇ ಹಾಕಿಸಿದ್ರಿ. ಅದನ್ನ ಯಾಕ ಬರೀಲಿಲ್ಲ?"

ಮಾಸ್ತರರು ಮೆಚ್ಚುತ್ತಾರೆಂದೇ ಅವಳು ಕೇಳಿದ್ದಳು. ಮುಖ್ಯೋಪಾಧ್ಯಾಯರು ಕಿಸಕ್ಕನೆ ನಕ್ಕರು. ಮಾಸ್ತರರ ಕಿವಿ ಬಿಸಿಯಾಯಿತು. ಹುಡುಗಿಯ ಮಾತು ನಿಜವೆಂದು ಗೊತ್ತಿದ್ದುದರಿಂದಲೇ ಅದು ಹೆಚ್ಚು ಚುಚ್ಚಿತು.

"ನಾಲ್ಕಕ್ಷರ ಕಲಿತ ಕೂಡಲೇ ಗುರುವಿಗೇ ತಿರುಮಂತ್ರವೇ? ಬೆಂಚಿನ ಮೇಲೆ ನಿಲ್ಲು!"

ಗಂಟೆ ಬಾರಿಸುವವರೆಗೂ ಅವಳು ನಿಂತಳು. ಅಂದಿನಿಂದ ಯಾರೂ ಕೈ ಎತ್ತಲಿಲ್ಲ. ತರಗತಿ ಸದ್ದಿಲ್ಲದೆ ನಡೆಯತೊಡಗಿತು. ನಿಜ ಹೇಳಬೇಕೆಂದರೆ, ಮಾಸ್ತರರಿಗೂ ಅದು ಹಾಯೆನಿಸಿತು.

ಕೆಲವು ತಿಂಗಳ ಮೇಲೆ ಊರಿನವರ ಮೊಬೈಲುಗಳಿಗೆ ಒಂದು ಸಂದೇಶ ಬಂತು. ಶಾಲೆಯ ಅಡುಗೆಯವಳು ಸಾರಿಗೆ ವಿಷ ಬೆರೆಸಿದ್ದಾಳೆ, ಎಲ್ಲರಿಗೂ ಕಳಿಸಿ ಎಂದು. ಜೊತೆಗೆ ಆಸ್ಪತ್ರೆಯಲ್ಲಿ ಮಲಗಿದ ಮಕ್ಕಳ ಚಿತ್ರ. ಓದು ಬಾರದ ತಂದೆತಾಯಿಯರಿಗೆ ಮಕ್ಕಳೇ ಅದನ್ನು ಎಲ್ಲೂ ತಡವರಿಸದೆ ಓದಿ ಹೇಳಿದರು.

ಮರುದಿನ ಜನ ಅಡುಗೆಮನೆಗೆ ನುಗ್ಗಿದರು. ಅಲ್ಲಿ ಸಾರು ಕುದಿಸುತ್ತಿದ್ದವಳು ದ್ಯಾಮವ್ವ, ಹಲವು ವರ್ಷಗಳಿಂದ ಆ ಮಕ್ಕಳಿಗೆ ಬಡಿಸಿದವಳು. "ನಾನೂ ಇದನ್ನೇ ಉಣ್ಣತೀನಲ್ರಪ್ಪಾ" ಎಂದು ಕೂಗಿಕೊಂಡಳು. ನೂಕಾಟದಲ್ಲಿ ಹಂಡೆ ಮಗುಚಿ ಅವಳ ಬಲಗೈ ಮೊಣಕೈವರೆಗೆ ಬೆಂದಿತು.

ಆ ಚಿತ್ರ ಎಲ್ಲಿಯದೋ, ಎಂದಿನದೋ ಎಂದು ಪೊಲೀಸರು ಹೇಳುವಷ್ಟರಲ್ಲಿ ದ್ಯಾಮವ್ವ ಊರು ಬಿಟ್ಟಿದ್ದಳು.

ಮಾಸ್ತರರು ತರಗತಿಯಲ್ಲಿ ಕೂಗಾಡಿದರು. "ಯಾರು ಹೇಳಿದ್ದು ಅಂತ ಒಬ್ಬರಾದರೂ ಕೇಳಬಾರದಿತ್ತೇ? ಕಸ್ತೂರಿ, ನಿನಗೂ ತಿಳಿಯಲಿಲ್ಲವೇ?"

"ತಿಳೀತ್ರಿ ಸರ್. ಅದರಾಗ ಊರಿನ ಹೆಸರೇ ಇರಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ದೊಡ್ಡವರೆಲ್ಲ ನಂಬಿದ್ರು. ದೊಡ್ಡವರನ್ನ ಕೇಳಿದರ ಏನಾಗ್ತದಂತ ನೀವು ಕಲಿಸಿದ್ರಿ."

ಮಾಸ್ತರರು ಎಲ್ಲರೆದುರು ತಪ್ಪಾಯಿತೆಂದರು. "ಇರಲಿ ಬಿಡ್ರಿ ಸರ್" ಎಂದು ಕಸ್ತೂರಿ ಕುಳಿತಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮಾಸ್ತರರ ಮೇಲಿನ ಹಳೆಯ ನಂಬಿಕೆಯೂ ಇರಲಿಲ್ಲ.

ಮುಂದಿನ ರವಿವಾರ ಮಾಸ್ತರರು ವಿಚಾರಿಸುತ್ತ ದ್ಯಾಮವ್ವನ ತವರಿಗೆ ಹೋದರು. ಅವಳು ಒಳಗಿದ್ದಳು. ಅಣ್ಣ ಬಾಗಿಲಿಗೆ ಬಂದು, "ಮಾಸ್ತರ ಬಂದಾನ ಅಂದೆ. ಓದಿದವರ ಮುಖ ನೋಡೂದಿಲ್ಲ ಅಂತಾಳ" ಎಂದ.

ನೀತಿ: ಪ್ರಶ್ನಿಸಿ ಓದಲು ಕಲಿಸುವವನು ಮೊದಲ ಪ್ರಶ್ನೆಗೆ ತಾನೇ ಎದೆಯೊಡ್ಡಬೇಕು. ತಿಳಿದು ಓದುವವರ ಬಾಯಿ ಮುಚ್ಚಿಸಿದರೆ ಅದರ ದಂಡ ತೆರುವವರು ಪಾಪ ಮಾಡದವರು.