ಏಡಿ ಕಟ್ಟಿಸಿಕೊಟ್ಟ ಜಗಲಿ

ಕೆರೆಯ ಏರಿ ಕಾಯಲು ಕಪ್ಪೆಗಳು ಏಡಿಯನ್ನು ಆರಿಸಿದ್ದವು. ಮತ್ತೆ ಆರಿಸುವ ಕಾಲ ಬಂದಾಗ ಏಡಿ ಪ್ರತಿ ಕಪ್ಪೆಯ ಮನೆಗೂ ಹೋಗಿ, ಕೂರಲೆಂದು ಒಂದು ಮಣ್ಣಿನ ಜಗಲಿ ಕಟ್ಟಿಸಿಕೊಟ್ಟಿತು. ಕಪ್ಪೆಗಳೆಲ್ಲ ಹಿಗ್ಗಿದವು. ಅಜ್ಜಿ ಕಪ್ಪೆ ಮಾತ್ರ ಕೇಳಿತು:

"ಸ್ವಾಮಿ, ಇಷ್ಟು ಮಣ್ಣು ಎಲ್ಲಿಂದ ತಂದಿರಿ?"

"ಏರಿಯಿಂದಲೇ, ಅಜ್ಜಿ. ನಿಮ್ಮದನ್ನು ನಿಮಗೇ ಕೊಟ್ಟರೆ ತಪ್ಪೇನು?"

"ಏರಿ ಸೋರುತ್ತಿದೆಯಲ್ಲ?"

"ಅದನ್ನು ಗೆದ್ದ ಮೇಲೆ ನೋಡೋಣ. ಜಗಲಿ ಚೆನ್ನಾಗಿದೆ ತಾನೇ?"

"ಚೆನ್ನಾಗಿದೆ. ಆದರೆ ಹಿಂದೆ ನನ್ನ ಬಾಗಿಲ ತನಕ ನೀರಿತ್ತು," ಎಂದ ಅಜ್ಜಿ ಕಪ್ಪೆ ಜಗಲಿ ಒಡೆದು, ಆ ಮಣ್ಣನ್ನು ಬೆನ್ನ ಮೇಲೆ ಹೊತ್ತು ಏರಿಯ ಕಡೆ ಹೊರಟಿತು.

ಏಡಿ ನಕ್ಕಿತು. ಪಕ್ಕದ ಮನೆಯಲ್ಲೂ ಜಗಲಿ ಒಡೆಯುವ ಸದ್ದು ಕೇಳಿದಾಗ ಅದರ ನಗು ನಿಂತಿತು.