ದಾರಿತುತ್ತು

“ಕೇಳ್ರಪ್ಪೋ ಕೇಳಿ! ದೊರೆ ವೀರಮಲ್ಲನಾಯಕರ ಅಪ್ಪಣೆ! ಯುವರಾಜರನ್ನು ಬಲಿ ತಗೊಂಡ ಹೆಬ್ಬಂಡೆ ಬೆಟ್ಟದ ಮಂಗಗಳಿಗೆ ಈ ಹುಣ್ಣಿಮೆಗೇ ಕೊನೆ. ಅದಕ್ಕೆ ಮುಂಚೆ ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತೆ. ತಪ್ಪಿದವರ ತಲೆ ಉಳಿಯಲ್ಲ!”

ಡಂಗುರ ಕೇಳಿದ ಬೊಮ್ಮ ತಲೆಮೇಲಿನ ಹೊರೆಯನ್ನು ಅಲ್ಲೇ ಇಳಿಸಿದ. ಬೆಟ್ಟ ದಾಟುವವರ ಗಂಟುಮೂಟೆ ಹೊರುವುದು ಅವನ ಕೆಲಸ. ಆ ಮಂಗಗಳು ಅವನಿಗೆ ನೆಂಟರಿಗಿಂತ ಹೆಚ್ಚು. ನೆಂಟರಾದರೂ ಉಂಡ ಮೇಲೆ ಹೊರಡುತ್ತಾರೆ, ಇವು ಹೊರಡುತ್ತಿರಲಿಲ್ಲ. ಬೆಟ್ಟ ಹತ್ತುವ ಮೊದಲು ಅವಕ್ಕೆ ಒಂದು ಹಿಡಿ ಪುರಿ, ಒಂದು ಚೂರು ಕೊಬ್ಬರಿ ಎಸೆಯದೆ ಯಾವ ಹೊರೆಯಾಳೂ ಹೆಜ್ಜೆ ಎತ್ತುತ್ತಿರಲಿಲ್ಲ. ಅದಕ್ಕೆ ದಾರಿತುತ್ತು ಎನ್ನುತ್ತಿದ್ದರು. ಕೊಟ್ಟರೆ ಹೊರೆಯ ತಂಟೆಗೆ ಬರುವುದಿಲ್ಲ ಎಂಬ ಲೆಕ್ಕಾಚಾರ. ಎಂಥ ಲೆಕ್ಕಾಚಾರವೋ! ಹೊರೆಯೊಳಗೆ ಏನಿದೆ ಎಂದು ಅವಕ್ಕೆ ಹೇಳಿಕೊಟ್ಟದ್ದೇ ಆ ತುತ್ತು.

ಅರಮನೆಯಲ್ಲಿ ಬೊಮ್ಮನ ಜೊತೆ ಇನ್ನಿಬ್ಬರು ನಿಂತಿದ್ದರು: ಒಬ್ಬ ಕುದುರೆ ವ್ಯಾಪಾರಿ, ಇನ್ನೊಬ್ಬ ದಳವಾಯಿಯ ಅಳಿಯ. ದೊರೆಯ ಕಣ್ಣು ನಿದ್ದೆ ಕಂಡು ಎಷ್ಟೋ ದಿನವಾದಂತಿತ್ತು.

“ಹೊಲಿಗೆಯಿಲ್ಲದ ಚೀಲದಲ್ಲಿ ಬೀಜ ಹೊತ್ತು ಕಾಡೆಲ್ಲ ಬಿತ್ತುತ್ತಾನೆ. ಬಿತ್ತಿದ್ದು ಅವನಿಗೇ ಗೊತ್ತಿಲ್ಲ. ಯಾರವನು?”

“ಗಾಳಿ!” ಎಂದ ವ್ಯಾಪಾರಿ.

“ಗಾಳಿಗೆ ಚೀಲವೆಲ್ಲಿದೆ?” ಎಂದ ದೊರೆ. ಭಟರು ವ್ಯಾಪಾರಿಯನ್ನು ಕಂಬಕ್ಕೆ ಕಟ್ಟಿದರು.

ಬೊಮ್ಮ ಒಂದು ಹೆಜ್ಜೆ ಮುಂದೆ ಬಂದ. “ಮಂಗ, ಬುದ್ಧಿ. ಹಣ್ಣನ್ನ ಕೆನ್ನೆಯೊಳಗೆ ತುಂಬ್ಕೊಂಡು ಹೋಗಿ, ಎಲ್ಲೋ ಕೂತು ತಿಂದು ಬೀಜ ಉಗುಳುತ್ತೆ.”

ದೊರೆ ತಲೆಯಾಡಿಸಿದ. “ಕೊಟ್ಟವನು ಒಳ್ಳೆಯದು ಮಾಡಿದೆ ಎಂದುಕೊಂಡ, ತಿಂದವನು ಒಳ್ಳೆಯದಾಯಿತು ಎಂದುಕೊಂಡ. ಇಬ್ಬರೂ ಕೆಟ್ಟರು. ಏನದು?”

“ಲಂಚ, ಮಹಾಪ್ರಭು!” ಎಂದ ಅಳಿಯ. ಅವನಿಗೆ ಅದರಲ್ಲಿ ಒಳ್ಳೆಯ ಅನುಭವವಿತ್ತು, ಪಾಪ. ಅವನನ್ನೂ ಕಟ್ಟಿದರು.

“ನಮ್ಮ ದಾರಿತುತ್ತು, ಬುದ್ಧಿ,” ಎಂದ ಬೊಮ್ಮ. “ಅದು ಸಿಕ್ಕಿದ್ಮೇಲೆ ಅವು ಮೇಲಿನ ಅತ್ತಿ ಮರ ಹತ್ತೋದೇ ಬಿಟ್ವು. ನಮಗೂ ದಾರೀಲಿ ನೆಮ್ಮದಿ ಇಲ್ಲದಂಗಾಯ್ತು.”

ದೊರೆ ಸಿಂಹಾಸನದ ತುದಿಗೆ ಸರಿದ. ಆಮೇಲೆ ಮೆಲ್ಲಗೆ ಕೇಳಿದ: “ನನ್ನ ಮಗನನ್ನು ಕೊಂದವರು ಯಾರು?”

ಎಳೆಯ ಯುವರಾಜನ ಕೈಲಿದ್ದ ಕೊಬ್ಬರಿಗೆ ಮಂಗ ಕೈ ಹಾಕಿ ಎಳೆದಾಗ ಮಗು ಕಾಲು ಜಾರಿ ಕಣಿವೆಗೆ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ‘ಮಂಗ’ ಎಂದರೆ ಬೊಮ್ಮನ ತಲೆ ಉಳಿದರೂ ಉಳಿದೀತು, ಬೆಟ್ಟದಲ್ಲಿ ಒಂದು ಮರಿಯೂ ಉಳಿಯದು. ಬೊಮ್ಮ ಕೈಮುಗಿದ.

“ತುತ್ತು ಕೊಟ್ಟ ಕೈ, ಬುದ್ಧಿ. ಯಾವತ್ತೋ ಕೊಟ್ಟ ಕೈ, ಆವತ್ತು ಕೊಟ್ಟ ಕೈ. ಅದ್ರಲ್ಲಿ ನಂದೂ ಒಂದು. ಮಗೂನ ಕಾಲಡಿ ಕಣಿವೆ ಇದೆ ಅಂತ ಆ ಮೂಕಪ್ರಾಣಿಗೆ ಏನ್ ಗೊತ್ತು?”

ದೊರೆ ಸಿಂಹಾಸನದಿಂದ ಇಳಿದು ಬಂದ. “ಆ ಕೊಬ್ಬರಿ ಚೂರನ್ನು ಅವನ ಕೈಗೆ ಇಟ್ಟವನು ನಾನೇ ಕಣಪ್ಪ. ‘ಹೆದರಬೇಡ ಮಗಾ, ಕೊಡು’ ಅಂದೆ. ಯಾರಾದರೂ ಇದನ್ನು ನನ್ನೆದುರು ಹೇಳಲಿ ಅಂತಲೇ ಕಾದಿದ್ದೆ.” ಅಷ್ಟು ಹೇಳಿ, ಸಭೆಯೆದುರೇ ಮುಖ ಮುಚ್ಚಿಕೊಂಡು ಅತ್ತ.

ಕಂಬಕ್ಕೆ ಕಟ್ಟಿದ್ದವರನ್ನು ಬಿಡಿಸಿದರು. ಬೊಮ್ಮ ಮಂಗಗಳ ಜೀವ ಬೇಡಿದ. ದೊರೆ ಒಪ್ಪಿ, ಇನ್ನು ಯಾರೂ ಅವಕ್ಕೆ ತುತ್ತು ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದ. ಬೊಮ್ಮನಿಗೆ ಜರಿಪೇಟ ತೊಡಿಸಿ ಬೆಟ್ಟದ ದಾರಿಯ ಕಾವಲಿಗೆ ನೇಮಿಸಿದ.

ಕಾವಲು ಸುಲಭದ್ದಾಗಿರಲಿಲ್ಲ. ಎಳೆಯ ಮಂಗಗಳು ಹಸಿವು ತಾಳದೆ ಒಂದೊಂದಾಗಿ ಕಾಡಿನ ಕಡೆ ಹೋದವು. ಮುದಿಯವು ದಾರಿಯಲ್ಲೇ ಕೂತವು. ಮರಿಯನ್ನು ಎದೆಗವಚಿಕೊಂಡ ಒಂದು ತಾಯಿ ದಿನವೂ ಬೊಮ್ಮನ ಮುಂದೆ ಬಂದು ಕೈಚಾಚುತ್ತಿತ್ತು.

“ಮೇಲೆ ಹೋಗವ್ವಾ,” ಎನ್ನುತ್ತಿದ್ದ. “ಅತ್ತಿ ಹಣ್ಣಾಗಿದೆ. ಹೋಗು ತಾಯಿ.”

ಅದು ಹೋಗುತ್ತಿರಲಿಲ್ಲ. ಬೊಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಅದರ ಕಣ್ಣಿಗೆ ಕಣ್ಣು ಕೊಡದೆ ನಿಲ್ಲುತ್ತಿದ್ದ.